ಅಕ್ಕನಿಗೆ ಗ್ಲೌಸ್ ಆರಿಸಿದ ಚಳಿಗಾಲ

ನಮ್ಮ ಸೈಕಲ್ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಮೇಡಂ, ಬೆಳಿಗ್ಗೆ ಬೆರಳೆಲ್ಲ ತಣ್ಣಗಾಗ್ತದೆ. ಎಂಥ ಗ್ಲೌಸ್ ತೆಗೊಳ್ಳುದು?"

ಉಡುಪಿಯ ಚಳಿಯೂ ಒಂದು ಚಳಿಯಾ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಆದರೆ ಧನುರ್ಮಾಸದಲ್ಲಿ ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಹತ್ತಿದವರಿಗೆ ಗೊತ್ತು, ಬೆನ್ನು ಬೆವರುತ್ತಿದ್ದರೂ ಬೆರಳ ತುದಿಗೆ ಬಿಸಿ ಬರುವುದಿಲ್ಲ. ಎಂಟು ಗಂಟೆಯ ಬಿಸಿಲು ಬಿದ್ದರೆ ಅದೇ ಅಂಗೈ ಗ್ಲೌಸಿನೊಳಗೆ ಬೆಂದುಹೋಗುತ್ತದೆ. ಇಷ್ಟೇ ಇಷ್ಟು ಚಳಿಗೆ ಗ್ಲೌಸ್ ಆರಿಸುವುದು ದೊಡ್ಡ ಚಳಿಗೆ ಆರಿಸಿದಷ್ಟು ಸುಲಭವಲ್ಲ. ನನಗೆ ತಿಳಿದದ್ದನ್ನೆಲ್ಲ ಅವಳಿಗೆ ಹೇಳಿದೆ. ಅದನ್ನೆಲ್ಲ ನಾನು ಕಲಿತದ್ದು ಅಕ್ಕನಿಗೆ ಗ್ಲೌಸ್ ಹುಡುಕುವಾಗ.

ಅಕ್ಕ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದಳು. ಹುಡುಗಿಯಾಗಿದ್ದಾಗ ಗುಂಡೆಸೆತದಲ್ಲಿ ಜಿಲ್ಲೆಗೆ ಆಡಿದ ಕೈ ಅವಳದು. ನಮ್ಮ ಕುಟುಂಬದಲ್ಲಿ ಯಾರ ಮನೆಯ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾದರೂ ಅವಳು ಬರುವವರೆಗೆ ಹಾಗೇ ಎತ್ತಿಡುತ್ತಿದ್ದರು. ನಿವೃತ್ತಳಾದ ವರ್ಷ ತನಗೊಂದು ಗೇರಿನ ಸೈಕಲ್ ಕೊಂಡಳು. ಅಂಬಲಪಾಡಿಯ ಮನೆಯಿಂದ ಕಚೇರಿ, ಕಚೇರಿಯಿಂದ ಮನೆ ಎಂದು ದಪ್ಪಗಾಗುತ್ತಿದ್ದ ನನಗೂ ಬೈದು ಒಂದು ಕೊಡಿಸಿದಳು. ಒಂದು ಭಾನುವಾರ ಅವಳು ಉಡುಪಿಗೆ ಬಂದರೆ ಕಾಪು ಕಡಲ ಬದಿ. ಮುಂದಿನ ಭಾನುವಾರ ನಾನು ಕಾರ್ಕಳಕ್ಕೆ ಹೋದರೆ ಬಜಗೋಳಿ ರಸ್ತೆ. ನಾವಿಬ್ಬರು ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದು ಮದುವೆಗೆ ಮುಂಚೆ ಬಿಟ್ಟರೆ ಆಗಲೇ.

ಚಳಿಗಾಲದ ಒಂದು ಬೆಳಿಗ್ಗೆ ಬಜಗೋಳಿಯಿಂದ ಹಿಂದೆ ಬರುವಾಗ ಒಂದು ಇಳಿಜಾರಿನ ತಿರುವಿನಲ್ಲಿ ಅಕ್ಕ ತಿರುಗಲೇ ಇಲ್ಲ. ನೇರ ಹೋಗಿ ರಸ್ತೆ ಬದಿಯ ಹುಲ್ಲಿಗೆ ಇಳಿದುಬಿಟ್ಟಳು. ನಾನು ಓಡಿಹೋದಾಗ ಸೈಕಲಿನ ಪಕ್ಕ ಕೂತು ಬಲಗೈ ಉಜ್ಜಿಕೊಳ್ಳುತ್ತಿದ್ದಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೆರಳು ಮರಗಟ್ಟಿತು ಮಾರಾಯ್ತಿ. ಬ್ರೇಕ್ ಹಿಡಿಲಿಕ್ಕೇ ಆಗ್ಲಿಲ್ಲ."

"ಚಳಿಗೆ" ಎಂದೆ ನಾನು.

"ಚಳಿಗೇ" ಎಂದಳು ಅವಳೂ. ಮಂಜು ಕೂಡ ಇತ್ತು ಆ ದಿನ.

ಅಲ್ಲಿಂದ ನಮ್ಮ ಗ್ಲೌಸಿನ ಹುಡುಕಾಟ ಸುರುವಾಯಿತು. ಭಾವ ಬದರಿ ಯಾತ್ರೆಯಲ್ಲಿ ಕೊಂಡಿದ್ದ ಉಣ್ಣೆಯದು ಹ್ಯಾಂಡಲಿನ ಮೇಲೆ ಜಾರುತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ್ದು ಹಿಮಕ್ಕೆ ಮಾಡಿದ್ದಿರಬೇಕು; ಅದನ್ನು ಹಾಕಿದರೆ ಬ್ರೇಕು ಎಲ್ಲಿದೆ ಎಂದೇ ಬೆರಳಿಗೆ ತಿಳಿಯುತ್ತಿರಲಿಲ್ಲ. ದಾರಿಯ ಅರ್ಧದಲ್ಲಿ ಬಿಚ್ಚಿ ಹಿಂಡಿದರೆ ಬೆವರಿನ ನೀರು ಬಂತು. ಅಕ್ಕ ನಕ್ಕಳು. ಆದರೆ ಗ್ಲೌಸ್ ಹಾಕಿದರೂ ಬಿಟ್ಟರೂ ಅವಳ ಬಲಗೈ ಬ್ರೇಕನ್ನು ಪೂರ್ತಿ ಎಳೆಯುತ್ತಿರಲಿಲ್ಲ.

ಕೊನೆಗೆ ಮಣಿಪಾಲದ ಒಂದು ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವರೂ ಸೈಕಲ್ ಸವಾರರೇ. "ಇಲ್ಲಿಯ ಚಳಿಗೆ ದಪ್ಪದ್ದು ಬೇಡ ಮೇಡಂ, ಗಾಳಿ ತಡೆದರೆ ಸಾಕು" ಎಂದು ತೆಳ್ಳಗಿನ, ಪೂರ್ತಿ ಬೆರಳು ಮುಚ್ಚುವ ಒಂದು ಜೋಡಿ ತೆಗೆದರು. ಕೈಯ ಹಿಂಬದಿಗೆ ಗಾಳಿ ನುಗ್ಗದ ಬಟ್ಟೆ, ಅಂಗೈಯ ಬುಡದಲ್ಲಿ ಮಾತ್ರ ಸ್ವಲ್ಪ ಮೆತ್ತೆ, ಹೆಬ್ಬೆರಳಿನ ಮೇಲೆ ಮೂಗು ಒರೆಸಿಕೊಳ್ಳಲು ಟವೆಲಿನಂಥ ಬಟ್ಟೆ. ಕೊಳ್ಳುವ ಮೊದಲು ಹಾಕಿಕೊಂಡು ಹ್ಯಾಂಡಲ್ ಹಿಡಿದು ನೋಡಬೇಕು, ಬೆರಳ ತುದಿಯಲ್ಲಿ ಬಟ್ಟೆ ಉಳಿಯಬಾರದು, ಮುಷ್ಟಿ ಕಟ್ಟಿದರೆ ಎಲ್ಲಿಯೂ ಎಳೆಯಬಾರದು ಎಂದರು.

ಅಕ್ಕನ ಎಡಗೈಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಬಲಗೈಗೆ ಸಡಿಲ.

"ಜೋಡಿ ತಪ್ಪಿದೆ ಇದು" ಎಂದಳು ಅಕ್ಕ.

ಅಂಗಡಿಯವರು ಅದೇ ಅಳತೆಯ ಇನ್ನೊಂದು ತಂದರು. ಹಾಗೇ ಆಯಿತು. ಒಂದು ಅಳತೆ ಚಿಕ್ಕದು ತಂದರು. ಬಲಗೈಗೆ ಸರಿಯಾಯಿತು, ಎಡಗೈ ಒಳಗೇ ಹೋಗಲಿಲ್ಲ.

"ನನ್ನದು ಒಂದೊಂದು ಕೈಗೆ ಒಂದೊಂದು ಸೈಜ್, ನೋಡು" ಎಂದು ಅಕ್ಕ ಗ್ಲೌಸ್ ಬಿಚ್ಚಿ ಎರಡೂ ಕೈಗಳನ್ನು ಗಾಜಿನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇರಲಿಲ್ಲ. ಅಲ್ಲಿ ಒಂದು ಗುಂಡಿ ಬಿದ್ದಿತ್ತು. ಅವಳೂ ಅದನ್ನು ಆಗಲೇ ಮೊದಲು ನೋಡಿದಳೆಂದು ಕಾಣುತ್ತದೆ. ನಗು ಮುಖದಲ್ಲಿ ಇನ್ನೂ ಇತ್ತು, ಕಣ್ಣು ಮಾತ್ರ ಆ ಗುಂಡಿಯ ಮೇಲೆ ನಿಂತಿತ್ತು.

ಅಂಗಡಿಯವರು ಎರಡು ಪೊಟ್ಟಣ ಒಡೆದು ಎಡದ್ದೊಂದು, ಬಲದ್ದೊಂದು ಸೇರಿಸಿ ಕೊಟ್ಟರು. "ಉಳಿದದ್ದನ್ನು ಎಂತ ಮಾಡ್ತೀರಿ?" ಎಂದು ನಾನು ಕೇಳಿದೆ. "ಇರ್ಲಿ ಮೇಡಂ" ಎಂದರು ಮೆಲ್ಲಗೆ.

ಆ ವಾರವೇ ಡಾಕ್ಟರಿಗೆ ತೋರಿಸಿದೆವು. ಸೂಜಿ ಚುಚ್ಚಿ, ಕರೆಂಟು ಹಾಯಿಸಿ ಪರೀಕ್ಷೆ ಮಾಡಿದರು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತಿವೆ, ಇದಕ್ಕೆ ಮದ್ದಿಲ್ಲ, ಮುಂದೆ ಮಾತಿಗೂ ಉಸಿರಿಗೂ ಬರುತ್ತದೆ ಎಂದು ಡಾಕ್ಟರಮ್ಮ ಏನನ್ನೂ ಮುಚ್ಚಿಡದೆ ಹೇಳಿದರು. ಭಾವ ನೆಲ ನೋಡುತ್ತಿದ್ದರು. ಅಕ್ಕ ಕೇಳಿದ್ದು ಒಂದೇ: "ಸೈಕಲ್?"

"ಆಗುವಷ್ಟು ದಿನ ಬಿಡಿ."

"ಬಿಡುದು ಅಂದರೆ ಯಾವ ಬಿಡುದು ಡಾಕ್ಟ್ರೇ? ಓಡಿಸುದಾ, ನಿಲ್ಲಿಸುದಾ?"

ಡಾಕ್ಟರಮ್ಮ "ಓಡಿಸಿ" ಎಂದರು.

ಓಡಿಸಿದಳು. ಇಳಿಜಾರು ಬಿಟ್ಟು ಬರೇ ಕಾಪುವಿನ ಕಡಲ ಬದಿಯ ಸಮತಟ್ಟಾದ ರಸ್ತೆ. ಬಲಗೈಯಲ್ಲಿದ್ದ ಬ್ರೇಕನ್ನೂ ಎಡಗೈಗೆ ಮಾಡಿಸಿಕೊಂಡಳು. ನಾನು ಯಾವಾಗಲೂ ಅವಳ ಹಿಂದೆ. ಹೊರಡುವ ಮೊದಲು ಅವಳು ಕೈ ಚಾಚುತ್ತಿದ್ದಳು. ನಾನು ಗ್ಲೌಸ್ ತೊಡಿಸಿ ಮಣಿಕಟ್ಟಿನ ಪಟ್ಟಿ ಅಂಟಿಸುತ್ತಿದ್ದೆ. ದೀಪಸ್ತಂಭದ ಹತ್ತಿರ ಕೂತು ಚಾ ಕುಡಿಯುವಾಗ ಗ್ಲಾಸನ್ನು ಎರಡೂ ಅಂಗೈಯಲ್ಲಿ ಅದುಮಿ ಹಿಡಿಯುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಹೊರಟಲ್ಲಿಯೇ ಎಡಕ್ಕೆ ವಾಲಿ ಬಿದ್ದಳು. ಎಬ್ಬಿಸಿದೆ. ಮರಳು ಕೊಡವಿಕೊಂಡು, "ಇನ್ನು ಸಾಕು" ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಮುಂದಿನ ಚಳಿಗಾಲಕ್ಕೆ ಎರಡೂ ಕೈ ಹೋಗಿದ್ದವು. ಅಲುಗಾಡದ ಕೈಗೆ ಚಳಿ ಜಾಸ್ತಿಯಂತೆ. ಜಗಲಿಯ ಕುರ್ಚಿಯಲ್ಲಿ ಕೂತಲ್ಲಿಯೇ ಅವಳ ಬೆರಳು ಐಸಿನ ಹಾಗಾಗುತ್ತಿತ್ತು. ಮತ್ತೆ ಗ್ಲೌಸ್ ಹುಡುಕಲು ಹೊರಟೆ. ಈಗ ಬೇಕಾದದ್ದೇ ಬೇರೆ. ಬಿಗಿ ಇರಬಾರದು, ಹಿಡಿತ ಬೇಕಿಲ್ಲ. ಮಡಚಿಕೊಂಡ ಬೆರಳುಗಳನ್ನು ಬಿಡಿಸಿ ಒಂದೊಂದೇ ಕೊಳವೆಗೆ ತೂರಿಸುವಾಗ ಅವಳಿಗೆ ನೋವಾಗುತ್ತಿತ್ತು. ನಾಲ್ಕು ಬೆರಳೂ ಒಟ್ಟಿಗೆ ನಿಲ್ಲುವ, ಚೀಲದಂಥದ್ದು ಬೇಕಿತ್ತು. ಉಡುಪಿಯಲ್ಲಿ ಎಲ್ಲಿಯೂ ಸಿಗಲಿಲ್ಲ. ಅಕ್ಕನ ನೆರೆಮನೆಯ ಕೊಂಕಣಿ ಬಾಯಿ, ಕ್ರಿಸ್ಮಸ್ ಹಬ್ಬದ ಕುಸ್ವಾರ್ ತಿಂಡಿ ಕೊಡಲು ಬಂದವರು ನೋಡಿ, ಹಳದಿ ಉಣ್ಣೆಯಲ್ಲಿ ತಾವೇ ಹೆಣೆದು ತಂದರು.

"ಬಾಕ್ಸಿಂಗಿಗೆ ಹೋಗುದಾ ನಾನು?" ಎಂದಳು ಅಕ್ಕ. ಅಷ್ಟು ಹೊತ್ತಿಗೆ ಅವಳ ಮಾತು ತೊದಲುತ್ತಿತ್ತು. ನೆರೆಮನೆಯವರಿಗೆ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಹೇಳಿದೆ. ಮೂವರೂ ನಕ್ಕೆವು.

ಭಾನುವಾರ ನಾನು ಅವಳ ಹತ್ತಿರ ಕೂತರೆ ಅವಳಿಗೆ ಆಗುತ್ತಿರಲಿಲ್ಲ. "ಹೋಗಿ ಬಾ. ಬಂದು ಹೇಳು" ಎನ್ನುತ್ತಿದ್ದಳು. ಬಜಗೋಳಿಗೆ ಹೋಗಿ ಬಂದು ಹೇಳುತ್ತಿದ್ದೆ. ಚುಟುಕಾಗಿ ಹೇಳಿದರೆ ಸಿಟ್ಟು. ಯಾರ ಗದ್ದೆಯಲ್ಲಿ ಉದ್ದು ಹಾಕಿದ್ದಾರೆ, ಯಾವ ನಾಯಿ ಅಟ್ಟಿಸಿಕೊಂಡು ಬಂತು, ಸೇತುವೆಯ ಕೆಳಗೆ ನೀರು ಎಷ್ಟು ಉಂಟು, ಎಲ್ಲ ಬೇಕು. ಮಾತು ಪೂರ್ತಿ ನಿಂತ ಮೇಲೆ ಕಣ್ಣಿನಲ್ಲೇ ಕೇಳುತ್ತಿದ್ದಳು.

ಆಟಿ ತಿಂಗಳ, ಜೋರು ಮಳೆಯ ಒಂದು ಮಧ್ಯಾಹ್ನ ಹೋದಳು. ಭಾವ ಒಂದು ಬದಿಗೆ, ನಾನು ಒಂದು ಬದಿಗೆ ಇದ್ದೆವು. ಕೊನೆಗೆ ಉಸಿರಾಡಲು ಅವಳಿಗೆ ತುಂಬ ಕಷ್ಟವಾಯಿತು. ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ, ಏನು ತೋಚಿತೋ, ಕಾರ್ಕಳಕ್ಕೆ ಹೋಗಿ ಅಲ್ಲಿಂದ ಸೈಕಲ್ ತುಳಿದೆ. ಹಿಂದೆ ಬಂದಾಗ ಭಾವ ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದರು. ಅವರು ಜನ್ಮದಲ್ಲಿ ಸೈಕಲ್ ಮುಟ್ಟಿದವರಲ್ಲ. ಚಾ ಕೊಟ್ಟು ಮತ್ತೆ ಕೂತರು.

"ಎಂತ, ಇವತ್ತು ಎಲ್ಲಿವರೆಗೆ?" ಎಂದರು.

"ಬಜಗೋಳಿ, ಭಾವ."

"ಮಂಜು ಉಂಟಾ?"

"ಉಂಟು."

"ಹಾಗೆ ಅಲ್ಲ. ಅವಳಿಗೆ ಹೇಳುವ ಹಾಗೆ ಹೇಳು."

ಹೇಳಲು ಸುರು ಮಾಡಿದೆ. ಪೇಟೆ ದಾಟಿದ್ದು, ಮಂಜು ಸಿಕ್ಕಿದ್ದು, ಹಾಲಿನ ಕ್ಯಾನು ಕಟ್ಟಿಕೊಂಡು ಎದುರು ಬಂದವನು ಕೈ ಎತ್ತಿದ್ದು. ಸೇತುವೆಯವರೆಗೆ ಬಂದು ನಿಲ್ಲಿಸಿಬಿಟ್ಟೆ. ಭಾವ ತಲೆ ಎತ್ತಲಿಲ್ಲ. ಒಂದು ಹಿಡಿ ಬಸಳೆ ಹೆಚ್ಚಿ ಮುಗಿಸಿ, ಇನ್ನೊಂದು ಹಿಡಿ ತೆಗೆದುಕೊಂಡರು.

"ಸೇತುವೆ ದಾಟಿದ ಮೇಲೆ?" ಎಂದರು.

ಸೆರಗಿನಲ್ಲಿ ಮುಖ ಒರೆಸಿಕೊಳ್ಳೋಣವೆಂದರೆ ಸೈಕಲಿನ ಬಟ್ಟೆಯಲ್ಲಿದ್ದೆ. ಅಂಗೈಯಲ್ಲೇ ಒರೆಸಿಕೊಂಡು, ಸೇತುವೆಯಾಚೆಯದನ್ನು ಹೇಳತೊಡಗಿದೆ.