ನಾನು ತುಂಬಿದ ನಾಲ್ಕು ಸೋಮವಾರ

ಕಳೆದ ಶನಿವಾರ ವಿಜಯಪುರದ ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಲ್ಲಿ ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಿಮಗೆ ಆ ವಾಸನೆಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ವಿಜ್ಞಾನ ನೆನಪಾಗುತ್ತದೆ.

ಈಗ ತಿಕೋಟಾ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ಆಗಿರುವ ನಾನು, ನರ್ಸಿಂಗ್ ಓದುವಾಗ ಕಾಖಂಡಕಿಯಲ್ಲಿ ಕ್ರಿಯಾ ಸಂಶೋಧನೆ ಮಾಡಿದ್ದೆ. ಜನರೊಂದಿಗೆ ಕೂತು ತಪ್ಪೆಲ್ಲಿದೆ ಎಂದು ಹುಡುಕಿ, ಅವರೊಂದಿಗೇ ಸರಿಪಡಿಸುವುದು ಎಂದು ಪುಸ್ತಕದಲ್ಲಿದೆ. ನಾನು ಹದಿನಾಲ್ಕು ಮನೆಗಳ ಗೋಡೆಗೆ ಲ್ಯಾಮಿನೇಷನ್ ಮಾಡಿಸಿದ ಹಾಳೆ ಅಂಟಿಸಿದೆ. ಬಿಪಿ ಗುಳಿಗೆ ನುಂಗಿದ ದಿನ ಅದರಲ್ಲೊಂದು ಗೀಟು ಎಳೆಯಬೇಕು. ವಾರಕ್ಕೆರಡು ಸಲ ಗೀಟು ಎಣಿಸಿ ದಿನಚರಿಯಲ್ಲಿ ಬರೆಯುತ್ತಿದ್ದೆ. ಬಿಪಿ ಅಳೆದದ್ದು ತಿಂಗಳಿಗೆ ಒಂದೇ ಸಲ; ಅದನ್ನೂ ಬರೆದಿಟ್ಟಿದ್ದೇನೆ.

ತಿಂಗಳ ಕೊನೆಗೆ ಹದಿಮೂರು ಹಾಳೆ ಭರ್ತಿ. ಶಾಂತವ್ವ ಎಂಬ ಅಜ್ಜಿಯ ಹಾಳೆಯಲ್ಲಿ ಮಾತ್ರ ನಾಲ್ಕು ಸೋಮವಾರ ಖಾಲಿ; ಅಲ್ಲಿಯವರೆಗೆ ಎಣಿಸಿದ್ದೆನೇ ಹೊರತು ಯಾಕೆಂದು ಕೇಳಿರಲಿಲ್ಲ. ಮರುದಿನವೇ ಮೌಲ್ಯಮಾಪನಕ್ಕೆ ಕಾಲೇಜಿನ ಮೇಡಂ ಬರುವವರಿದ್ದರು. ಅವರ ಕೈಯಲ್ಲಿ ನನ್ನ ಅಂಕ.

“ಸೋಮವಾರ ಯಾಕ ನುಂಗಿಲ್ರಿ, ಆಯಿ?”

“ಉಪವಾಸ ಇರತೇನಲ್ಲ ಬೇ. ಉಂಡ ಮ್ಯಾಲ ನುಂಗಂತ ನೀನ ಹೇಳಿದ್ದಿ. ಉಣಲಾರದ ಹ್ಯಾಂಗ ನುಂಗ್ಲಿ?”

“ಮತ್ತ ಬಾಜೂ ಮನಿಯವ್ರು?”

“ಅವ್ರೂ ನುಂಗಿಲ್ಲ. ನೀ ಬೇಜಾರ ಮಾಡ್ಕೋತಿ ಅಂತ ಗೀಟ ಹೊಡದಾರ. ಚಲೋ ಹುಡುಗಿ, ಪಾಪ, ಅಂತಾರ ನಿನಗ.”

ಇಡೀ ಸಂಶೋಧನೆಯಲ್ಲಿ ಸಿಕ್ಕ ಒಂದೇ ಸತ್ಯ ಶೇಂಗಾ ಸುಲಿಯುತ್ತ ನನ್ನೆದುರು ಕೂತಿತ್ತು. ಮಾರ್ಕರ್ ತೆಗೆದು ನಾಲ್ಕೂ ಸೋಮವಾರ ತುಂಬಿದೆ. ಉಪವಾಸದ ದಿನವೂ ನೀರಿನೊಂದಿಗೆ ನುಂಗಬೇಕು ಎಂದು ಹೇಳಲು ನನಗೆ ಪುರಸೊತ್ತೆಲ್ಲಿ? ವರದಿಗೆ ರಟ್ಟು ಹಾಕಿಸುವುದಿತ್ತು.

ಮೇಡಂ ಬಂದರು, ಚಹಾ ಕುಡಿದರು, ಹಾಳೆಗಳ ಫೋಟೊ ತೆಗೆದರು, ‘ಜನರ ಸಹಭಾಗಿತ್ವ ಅತ್ಯುತ್ತಮ’ ಎಂದು ಬರೆದರು. ಯಾರ ತೋಳಿಗೂ ಬಿಪಿ ಪಟ್ಟಿ ಸುತ್ತಲಿಲ್ಲ. ಕಾಗದದ ಆರೋಗ್ಯ ಅಷ್ಟು ಚೆನ್ನಾಗಿತ್ತು. ನಾನು ತರಗತಿಗೇ ಮೊದಲಿಗಳಾದೆ.

ಶನಿವಾರ ಆ ವಾಸನೆ ಬೆನ್ನು ಬಿಡಲಿಲ್ಲ. ಭಾನುವಾರ ಬಬಲೇಶ್ವರದ ಬಸ್ಸು ಹತ್ತಿ ಕಾಖಂಡಕಿಗೆ ಹೋದೆ. ಶಾಂತವ್ವನ ಬಿಪಿ ಏರಿಯೇ ಇತ್ತು. ಸೋಮವಾರದ ಗುಳಿಗೆ ಇಷ್ಟು ವರ್ಷಗಳಾದರೂ ಡಬ್ಬಿಯಲ್ಲೇ ಉಳಿಯುತ್ತಿತ್ತು. ಅಂದು ಹೇಳಬೇಕಾದ ಮಾತನ್ನು ಈಗ ಹೇಳಿದೆ. ಆ ಗೀಟು ಎಳೆದದ್ದು ತಪ್ಪಾಯಿತು ಎಂದೂ ಹೇಳಿದೆ.

“ನಾ ಅಲ್ಲೇ ಕುಂತಿದ್ನೆಲ್ಲ, ನೋಡೇನಿ,” ಎಂದು ನಕ್ಕಳು.

ಚೀಲದಿಂದ ಹೊಸ ಹಾಳೆ ತೆಗೆದು ಗೋಡೆಯ ಕಡೆ ಹೋದೆ.

“ಹಾಳಿ ಹಚ್ಚ ಬೇ,” ಎಂದು ಶಾಂತವ್ವ ಅಂಗೈ ಚಾಚಿದಳು. “ಪೆನ್ನ ನನ್ನ ಕೈಯಾಗ ಕೊಟ್ಟ ಹೋಗು.”

ಕೊಟ್ಟೆ.