ಗಟ್ಟಿಗಿತ್ತಿ ಮಲಗಲಿಲ್ಲ

ನನ್ನ ತಂಗಿಯನ್ನು ಜಗಳಗಂಟಿ ಎನ್ನುವವರಿದ್ದಾರೆ. ಅವರು ಒಂದು ಭಾನುವಾರ ನಮ್ಮ ನಡುಮನೆಯಲ್ಲಿ ಕೂತು ನೋಡಲಿ, ಆಮೇಲೆ ಬಾಯಿ ತೆರೆಯಲಿ.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಒದ್ದೆ ಹೊದಿಕೆಗಳನ್ನು ಯಂತ್ರದಿಂದ ಎಳೆದು, ಕೊಡವಿ, ಇಸ್ತ್ರಿಯ ಬಿಸಿ ಉರುಳೆಗೆ ಕೊಡಬೇಕು. ಮುಂಗೈ ತುಂಬ ಸುಟ್ಟ ಕಲೆಗಳು. ಅಂಥವಳಿಗೆ ವಾರಕ್ಕೊಮ್ಮೆ ಒಂದು ಆಟ ಬೇಕೆನಿಸಿದರೆ ತಪ್ಪೇನು? "ಈ ವಯಸ್ಸಲ್ಲಿ ಆಟಾನಾ?" ಎಂದು ಪಕ್ಕದ ಮನೆಯವಳು ನಕ್ಕಾಗ, "ನಿಮ್ಮ ಹಾಗೆ ಗೋಡೆಗೆ ಕಿವಿ ಕೊಟ್ಟು ಕೂರೋದಕ್ಕಿಂತ ವಾಸಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು.

ಆಟ ನಡೆಯುವುದು ನಮ್ಮ ಊಟದ ಮೇಜಿನ ಮೇಲೆ. ಬೀಗ ರಿಪೇರಿ ಮಾಡುವ ನನ್ನ ಅಳಿಯ ಕಥೆ ನಡೆಸುತ್ತಾನೆ. ಗವಿ, ಕೋಟೆ, ಕಳ್ಳರು ಎಲ್ಲ ಅವನ ತಲೆಯೊಳಗೆ. ಉಳಿದ ಮೂವರದು ಒಂದೊಂದು ಪಾತ್ರ. ಪಾತ್ರಕ್ಕೆ ಏನೇನು ಬರುತ್ತದೆ, ಎಷ್ಟು ಜೀವ ಉಳಿದಿದೆ ಎಂಬುದೆಲ್ಲ ಒಂದು ಹಾಳೆಯ ಮೇಲಿರುತ್ತದೆ. ಏಟು ಬಿತ್ತೋ ತಪ್ಪಿತೋ ಎಂದು ದಾಳ ಹೇಳುತ್ತದೆ. ಪಾತ್ರ ಸತ್ತರೆ ಹಾಳೆ ಹರಿಯಬೇಕು. ನಾನು ಆಡುವವಳಲ್ಲ. ಕಿಟಕಿಯ ಪಕ್ಕ ಕೂತು ಹರಿದ ಬಟ್ಟೆಗೆ ಹೊಲಿಗೆ ಹಾಕುತ್ತಾ ಕೇಳುತ್ತೇನೆ. ಕೇಳಿ ಕೇಳಿ ಕಾನೂನೆಲ್ಲ ಬಾಯಿಗೆ ಬಂದಿದೆ.

ತಂಗಿಯ ಪಾತ್ರ ಕತ್ತಿ ಹಿಡಿದ ಹೆಂಗಸು, ಹೆಸರು ಗಟ್ಟಿಗಿತ್ತಿ. ಔಷಧಿ ಅಂಗಡಿಯವನು ಮಂತ್ರವಾದಿ. ಬಸ್ಸಿನ ಕಂಡಕ್ಟರಮ್ಮ ಗಾಯ ಮಾಯಿಸುವ ವೈದ್ಯೆ. ಅನ್ಯಾಯ ಇಲ್ಲೇ ಇತ್ತು. ಮಂತ್ರವಾದಿಯ ಬೆಂಕಿ ಮುಗಿದರೆ ನಿದ್ದೆ ಮಾಡಿ ಎದ್ದ ಕೂಡಲೇ ಪೂರ್ತಿ ವಾಪಸು. ವೈದ್ಯೆಯ ಶಕ್ತಿಯೂ ಹಾಗೆಯೇ. ಗಟ್ಟಿಗಿತ್ತಿಗೆ ನಿದ್ದೆಯಿಂದ ಬರುವುದು ಏನೂ ಇಲ್ಲ. ಮಲಗುವ ಮುಂಚೆಯೂ ಅದೇ ಕತ್ತಿ, ಎದ್ದ ಮೇಲೂ ಅದೇ ಕತ್ತಿ.

ಇದರ ಮೇಲೆ ನನ್ನ ಅಳಿಯನ ಮೆದು ಮನಸ್ಸು. ಶುರುವಿನ ದಿನಗಳಲ್ಲಿ ಎಲ್ಲರ ಪಾತ್ರಗಳೂ ಮೊದಲ ಗವಿಯಲ್ಲೇ ಸತ್ತು, ಮುಂದಿನ ವಾರ ಯಾರೂ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆ ಹೆದರಿಕೆಗೆ ಅವನೊಂದು ಕಾನೂನು ಮಾಡಿದ. ಯಾರು ಕೇಳಿದರೂ ನಿದ್ದೆ ಕೊಡುವುದು, ಅವರು ಏಳುವ ತನಕ ಲೋಕವೇ ನಿಂತಿರುವುದು. ಕಳ್ಳ ಎತ್ತಿದ ದೊಣ್ಣೆಯನ್ನು ಎತ್ತಿಕೊಂಡೇ ಕಾಯಬೇಕು!

ಔಷಧಿ ಅಂಗಡಿಯವನು ಅದನ್ನು ಚೆನ್ನಾಗಿ ಹಿಂಡಿಕೊಂಡ. ಒಂದು ಇಲಿ ಕಂಡರೂ ಇದ್ದ ಬೆಂಕಿಯೆಲ್ಲ ಸುರಿಯುವುದು, ಆಮೇಲೆ ಆಕಳಿಸುವುದು. ಬಾಗಿಲು ಒಡೆಯುವವಳು ನನ್ನ ತಂಗಿ, ಮೊದಲ ಏಟು ತಿನ್ನುವವಳು ನನ್ನ ತಂಗಿ, "ಆಹಾ, ಏನು ಬೆಂಕಿ!" ಎಂದು ಹೊಗಳಿಸಿಕೊಳ್ಳುವವನು ಅವನು.

ಆ ಭಾನುವಾರ ಕಥೆಯಲ್ಲಿ, ಬಾವಿ ತೋಡುವ ಮುದುಕನನ್ನು ಕಳ್ಳರು ತಮ್ಮ ಕೋಟೆಯೊಳಗಿನ ಹಳ್ಳಕ್ಕೆ ಹಗ್ಗ ಕಟ್ಟಿ ಇಳಿಸಿ ನೀರು ಬಿಟ್ಟಿದ್ದರು. ಮೂವರೂ ಅವನನ್ನು ಉಳಿಸಲು ಹೊರಟಿದ್ದರು. ಮೊದಲ ಕಾವಲುಗಾರ ಬಿದ್ದದ್ದೇ ತಡ, ಔಷಧಿಯವನು ಕುರ್ಚಿಗೆ ಒರಗಿದ.

"ನಂದು ಖಾಲಿ. ಮಲಗೋಣ."

"ಹೂಂ, ನಂದೂ ಮುಗೀತು," ಎಂದಳು ಕಂಡಕ್ಟರಮ್ಮ.

"ಮುದುಕನ ಕುತ್ತಿಗೆವರೆಗೂ ನೀರು ಬಂದಿದೆ ಕಣ್ರೋ!" ಎಂದಳು ತಂಗಿ.

"ಲೋಕ ನಿಂತಿರುತ್ತಲ್ಲ ಅಕ್ಕ. ನೀರೂ ನಿಂತಿರುತ್ತೆ," ಎಂದ ಔಷಧಿಯವನು.

"ನೀರೂ ಮಲಗುತ್ತಾ? ಹೊದಿಸೋಕೆ ಆಸ್ಪತ್ರೆಯಿಂದ ಒಂದು ಹೊದಿಕೆ ತರ್ಲಾ?"

ಅಳಿಯ ಹಾಳೆಗಳನ್ನು ಸುಮ್ಮನೆ ಮಗುಚಿದ. "ಚಿಕ್ಕತ್ತೆ, ಕಾನೂನು ಹಾಗಿದೆ..."

"ಎಲ್ಲರೂ ಮಲಗಿದ್ರೆ ತಾನೇ ಲೋಕ ನಿಲ್ಲೋದು? ನಾನು ಮಲಗಲ್ಲ. ಗಟ್ಟಿಗಿತ್ತಿ ಮುಂದಕ್ಕೆ ಹೋಗ್ತಾಳೆ."

ಅಷ್ಟು ಕಾಲ ಆಡಿದರೂ ಯಾರೂ ಹಾಗೆ ಹೇಳಿರಲಿಲ್ಲ. ಅಳಿಯ ತಲೆ ಕೆರೆದುಕೊಂಡ. ಕೊನೆಗೆ, "ಒಬ್ಬರು ಎದ್ದಿದ್ರೆ ಲೋಕ ನಡೀಲೇಬೇಕು. ಆದ್ರೆ ಒಳಗೆ ಇಬ್ಬರಿದ್ದಾರೆ, ನಿಮ್ಮ ಜೀವ ಅರ್ಧಕ್ಕೆ ಇಳಿದಿದೆ, ನೋಡ್ಕೊಳ್ಳಿ" ಎಂದ.

ಅವಳು ಬಾಗಿಲು ಒದ್ದಳು. ಒಬ್ಬ ಕಾವಲುಗಾರ ಬಿದ್ದ. ಇನ್ನೊಬ್ಬನನ್ನು ಕತ್ತಿಯಿಂದ ತಡೆದು, ಒಂದೇ ಕೈಯಲ್ಲಿ ಹಗ್ಗ ಎಳೆದಳು.

"ನನ್ನ ಎಬ್ಬಿಸು, ನಾನೂ ಬರ್ತೀನಿ!" ಎಂದು ಔಷಧಿಯವನು ಕೂಗಿದ.

"ನೀನು ನಿದ್ದೆಯಲ್ಲಿದ್ದೀಯ. ನಿನಗೇನೂ ಕೇಳಿಸಲ್ಲ," ಎಂದ ಅಳಿಯ.

"ಅರ್ಧ ನಿದ್ದೆ ಆಗಿದೆಯಲ್ಲ, ಅರ್ಧ ಬೆಂಕಿಯಾದ್ರೂ ಕೊಡು!"

"ಬಾಯಿ ಮುಚ್ಕೊಂಡು ಗೊರಕೆ ಹೊಡಿ," ಎಂದಳು ತಂಗಿ.

ಮುದುಕ ಮೇಲೆ ಬಂದ, ಓಡಿದ. ಮರುಕ್ಷಣವೇ ಕಾವಲುಗಾರನ ಏಟು. ದಾಳ ಉರುಳಿ ನಿಂತಿತು. ಗಟ್ಟಿಗಿತ್ತಿ ಸತ್ತಳು.

ಅಳಿಯನ ಮುಖ ಬಾಡಿತು. "ಚಿಕ್ಕತ್ತೆ, ದಾಳ ಮೇಜಿನ ಅಂಚಿಗೆ ತಾಗಿದಂಗಿತ್ತು. ಇನ್ನೊಂದ್ಸಲ ಹಾಕ್ತೀನಿ."

"ಬೇಡ. ಬಿದ್ದದ್ದು ಬಿದ್ದದ್ದೇ." ತನ್ನ ಕೈಯಿಂದಲೇ ಹಾಳೆ ಹರಿದಳು. ಅಂಚು ಸವೆದು, ಬಟ್ಟೆಯಂತೆ ಮೆತ್ತಗಾಗಿದ್ದ ಹಾಳೆ. ಹರಿದಾಗ ಸದ್ದೂ ಬರಲಿಲ್ಲ.

ಅತ್ತ ಔಷಧಿಯವನು ನಿದ್ದೆ ಮುಗಿಸಿ ಎದ್ದ, ತುಂಬಿದ ಬೆಂಕಿಯಿಂದ ಆ ಕಾವಲುಗಾರನನ್ನು ಒಂದೇ ಸಲಕ್ಕೆ ಸುಟ್ಟ. ಸುಟ್ಟು, "ನೋಡಿದ್ಯಾ ಅಕ್ಕ, ಸ್ವಲ್ಪ ಕಾದಿದ್ರೆ ಆಗ್ತಿತ್ತು. ನಿನ್ನ ಹಟ," ಎಂದ.

ಆಗ ನನಗೆ ತಡೆಯಲಾಗಲಿಲ್ಲ. ಸೂಜಿ ಚುಚ್ಚಿಟ್ಟು ಎದ್ದೆ. "ಹಟ ಯಾರದಪ್ಪ? ಅವಳು ಮುಂದೆ ನಿಂತು ಸಾಯ್ತಿದ್ರೆ ನೀನು ಹಿಂದೆ ದಿಂಬು ಹುಡುಕ್ತಿದ್ದೆ! ನನ್ನ ಮನೇಲಿ ಕೂತು ನನ್ನ ತಂಗೀಗೆ ಬುದ್ಧಿ ಹೇಳ್ತೀಯಾ?" ಅಳಿಯನನ್ನೂ ಬಿಡಲಿಲ್ಲ. "ನೀನೂ ಅಷ್ಟೇ. ಒಳ್ಳೆಯವನು ಅನ್ನಿಸಿಕೊಳ್ಳೋಕೆ ಹೋಗಿ ದುಡಿಯೋಳಿಗೆ ಕೈ ಕೊಟ್ಟೆ."

ಅಳಿಯ ಪೆನ್ನು ತೆಗೆದು ಹಳೆಯ ಕಾನೂನಿನ ಮೇಲೆ ಗೀಟು ಎಳೆದ. ಇನ್ನು ಮೇಲೆ ಮಂತ್ರ ವಾಪಸು ಬರುವುದು ರಾತ್ರಿಗೊಮ್ಮೆ, ಅದೂ ಭದ್ರವಾದ ಜಾಗ ಸಿಕ್ಕಿದರೆ ಮಾತ್ರ. ಕತ್ತಿ ಹಿಡಿದವರು ಗಳಿಗೆ ಹೊತ್ತು ಕೂತರೂ ಉಸಿರು ತಿರುಗುತ್ತದೆ, ಒಂದಷ್ಟು ಜೀವ ಮರಳುತ್ತದೆ. ಲೋಕ ಯಾರಿಗೂ ಕಾಯುವುದಿಲ್ಲ.

"ಸತ್ತ ಮೇಲೆ ಮಾಡಿದ್ಯಲ್ಲಪ್ಪ, ದೊಡ್ಡ ಉಪಕಾರ," ಎಂದು ತಂಗಿ ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಲ್ಲಿ ತಿರುಗಿ ಔಷಧಿಯವನಿಗೆ ಬೆರಳು ತೋರಿಸಿದಳು. "ಇವನು ಒಂದು ದಿನ ಕತ್ತಿ ಹಿಡೀಲಿ. ಹಾಗಿದ್ರೆ ಮಾತ್ರ ನಾನು ಹೊಸ ಹಾಳೆ ಬರೀತೀನಿ."

ಮುಂದಿನ ಭಾನುವಾರ ಅವನು ಹಿಡಿದ. ಅವಳು ಮಂತ್ರವಾದಿನಿಯಾಗಿ ಅವನ ಬೆನ್ನ ಹಿಂದೆ ನಿಂತಳು. ಬೆಂಕಿಯನ್ನು ಅಳೆದು ತೂಗಿ ಖರ್ಚು ಮಾಡಿದಳು, ಒಂದು ಸಲವೂ ಆಕಳಿಸಲಿಲ್ಲ. ಬಾಗಿಲು ಒಡೆದು ಒಡೆದು, ಏಟು ತಿಂದು ತಿಂದು, ಕೊನೆಗೆ ಅವನೇ ಮೆಲ್ಲಗೆ ಕೇಳಿದ.

"ಅಕ್ಕ, ಸ್ವಲ್ಪ ಕೂತ್ಕೊಳ್ಳೋಣ್ವಾ?"

"ಕೂತ್ಕೋ," ಎಂದಳು. "ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತ್ಕೋ."