ಹೆಪ್ಪುಗಟ್ಟಿದ ಫೋನುಗಳ ದಾದಿ

ಖುರೆನ್‌ಗೋಲ್‌ ಎಂಬ ಹುಲ್ಲುಗಾವಲಿನ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ. ಸರಕು ಸಾಗಿಸುವ ಹಳೆಯ ಕಬ್ಬಿಣದ ಪೆಟ್ಟಿಗೆಗೆ ಕಿಟಕಿ ಕೊರೆದು ಮಾಡಿಕೊಂಡ ಅಂಗಡಿಯಲ್ಲಿ ಯಾಂಜಿಮಾ ಒಲೆಗೆ ಒಣ ಸಗಣಿ ತುಂಬುತ್ತಿದ್ದಾರೆ. ಚಹಾ ಕುದಿಯುತ್ತದೆ. ಮೊದಲ ಸೌಟು ಬಾಗಿಲಾಚೆ ಆಕಾಶಕ್ಕೆ, ಎರಡನೆಯದು ಬಟ್ಟಲಿಗೆ. ಆಮೇಲೆ ಮೇಜಿನ ಮೇಲಿನ ನರಿಚರ್ಮದ ಟೋಪಿಯನ್ನು ಮೆಲ್ಲಗೆ ಬಿಡಿಸಿ ನೋಡುತ್ತಾರೆ. ಒಳಗೆ, ಈಗಷ್ಟೇ ಹುಟ್ಟಿದ ನಾಯಿಮರಿಗಳ ಹಾಗೆ, ನಾಲ್ಕಾರು ಮೊಬೈಲ್ ಫೋನುಗಳು ಮಲಗಿವೆ.

ಕುರಿ ಕಾಯುವವರು ಬಿಟ್ಟುಹೋದ ಫೋನುಗಳು ಅವು. ಚಳಿಗೆ ಸೆಟೆದುಕೊಂಡಿವೆ. "ಒಲೆ ಹತ್ರ ಇಟ್ರೆ ಒಳಗೆ ಬೆವರಿ ಸತ್ತೇ ಹೋಗ್ತವೆ" ಎನ್ನುತ್ತಾರೆ ಯಾಂಜಿಮಾ. "ಚಳಿಗೆ ಸಿಕ್ಕಿದ ಕುರಿಮರೀನ ಏನ್ ಮಾಡ್ತೀವಿ? ಮೊದಲು ಚರ್ಮದಲ್ಲಿ ಸುತ್ತಿ, ಆಮೇಲೆ ಎದೆಗೆ ಅವಚಿಕೊಳ್ತೀವಿ. ಇದಕ್ಕೂ ಅಷ್ಟೇ." ಹೇಳುತ್ತಲೇ ಒಂದನ್ನು ತೆಗೆದು ನಿಲುವಂಗಿಯ ಎದೆಯೊಳಗೆ ಸೇರಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣುಬಿಡುತ್ತದೆ.

ಈ ಊರಿನಲ್ಲಿ ಮೊಬೈಲ್ ಫೋನಿನ ಕಂಬ ನೆಡುವ ಮುಂಚೆ ಯಾಂಜಿಮಾ ಸರ್ಕಾರಿ ಟೆಲಿಫೋನ್ ಕೋಣೆಯಲ್ಲಿ ಕೂತು, ತಂತಿ ಚುಚ್ಚಿ ಊರಿಂದೂರಿಗೆ ಮಾತು ಜೋಡಿಸುತ್ತಿದ್ದರು. ಗುಡ್ಡದ ಮೇಲೆ ಕಂಬ ಬಂತು, ಕೋಣೆಗೆ ಬೀಗ ಬಿತ್ತು. ಅದೇ ವರ್ಷ ಹಿಮ ಬಿಡದೆ ಸುರಿದು ಮನೆಯ ಕುರಿಗಳೂ ಹೋದವು. "ಅತ್ತು ಮುಗಿಸಿದ ಮೇಲೆ ನೋಡಿದ್ರೆ, ಊರವರೆಲ್ಲ ಕೈಯಲ್ಲಿ ಫೋನ್ ಹಿಡ್ಕೊಂಡು ಕೂತಿದ್ದಾರೆ, ಹೇಗೆ ಒತ್ತೋದು ಅಂತ ಒಬ್ರಿಗೂ ಗೊತ್ತಿಲ್ಲ. ನನ್ನ ಅನ್ನ ಅಲ್ಲೇ ಇತ್ತು." ಅಂದಿನಿಂದ ರಿಪೇರಿ, ಚಾರ್ಜು, ಕರೆನ್ಸಿ ಹಾಕುವುದು ಎಲ್ಲಾ ಇವರದೇ. ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಒಣಮೊಸರಿನ ಗಟ್ಟಿ ಕೊಡುತ್ತಾರೆ, ಕೆಲವರು ಬರೀ ಊರ ಸುದ್ದಿ ಕೊಟ್ಟು ಹೋಗುತ್ತಾರೆ. ಮೂರೂ ಬೇಕಾದವೇ.

ಚಳಿಗಾಲದಲ್ಲಿ ಬರುವ ದೊಡ್ಡ ಕಾಯಿಲೆ ಬೀಗದ್ದು. ಎದೆಯ ಬಿಸಿಯಲ್ಲಿ ವರ್ಷಗಟ್ಟಲೆ ಆರದೇ ಇದ್ದ ಫೋನು ಒಂದು ದಿನ ಚಳಿಗೆ ಸಿಕ್ಕಿ ಆರಿಹೋಗುತ್ತದೆ. ಮತ್ತೆ ಹೊತ್ತಿಸಿದರೆ, ಎಂದೋ ಯಾರೋ ಇಟ್ಟ ಗುಟ್ಟಿನ ಅಂಕಿ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್‌ಗೇ ಬೀಗ. ಆ ಬೀಗ ತೆಗೆಯುವ ಉದ್ದದ ಅಂಕಿ ಕಂಪನಿಯವರ ಹತ್ತಿರ ಮಾತ್ರ ಇರುತ್ತದೆ. ಅದನ್ನೂ ಸಿಕ್ಕಾಬಟ್ಟೆ ಒತ್ತುತ್ತಾ ಹೋದರೆ ಆ ನಂಬರಿನ ಕತೆ ಅಲ್ಲಿಗೆ ಮುಗಿಯಿತು.

ಹೊಸ ವರ್ಷ ತರುವ ಬಿಳಿ ತಿಂಗಳ ಹಬ್ಬಕ್ಕೆ ಮೂರು ದಿನ ಇರುವಾಗ ಪಗ್ಮಾ ದೊಡ್ಡಮ್ಮ ಅಂಥದೇ ಬೀಗ ಹೊತ್ತು ಬಂದಿದ್ದಾರೆ. ಯಾಂಜಿಮಾರ ತಂದೆಯ ಅಣ್ಣನ ಹೆಂಡತಿ. ಎಪ್ಪತ್ತು ದಾಟಿದರೂ ಕುದುರೆಯಿಂದ ಯಾರ ಕೈ ಹಿಡಿಯದೆ ಇಳಿಯುವ ಹೆಂಗಸು.

"ಏನ್ ಒತ್ತಿದ್ರಿ ದೊಡ್ಡಮ್ಮ?"

"ಮೊದಲು ನಮ್ಮನೆ ಟ್ರಕ್ಕಿನ ನಂಬರು. ಆಮೇಲೆ ನಾನು ಹುಟ್ಟಿದ ವರ್ಷ. ಆಮೇಲೆ ಸಿಟ್ಟು ಬಂತು, ಕೈಗೆ ಸಿಕ್ಕಿದ್ದು ಒತ್ತಿದೆ."

"ಸಿಟ್ಟು ಬಂದಾಗ ಕುದುರೆ ಹತ್ತಬಾರ್ದು, ಫೋನೂ ಮುಟ್ಟಬಾರ್ದು."

"ಬುದ್ಧಿ ಹೇಳಕ್ಕೆ ಬಂದ್ಲು ನೋಡು! ನಿನ್ನ ಮೂಗು ಒರೆಸಿ ಬೆಳೆಸಿದೋಳು ಕಣೇ ನಾನು. ತೆಗಿ ಬೇಗ."

ಬಾಯಿ ಜೋರು, ಆದರೆ ಚಹಾದ ಬಟ್ಟಲು ಕೈಯಲ್ಲಿದ್ದರೂ ಕಣ್ಣೆಲ್ಲ ಫೋನಿನ ಮೇಲೇ. ಯಾಕೆಂದು ಯಾಂಜಿಮಾಗೆ ಗೊತ್ತು. ದೊಡ್ಡಮ್ಮನಿಗೆ ಖಂದಾ ಎಂಬ ತಂಗಿ. ತಾಯಿಯ ಬೆಳ್ಳಿ ಬಟ್ಟಲು ಯಾರಿಗೆ ಎಂಬ ಮಾತಿಗೆ ಮಾತು ಬೆಳೆದು, ಬೆನ್ನು ತಿರುಗಿಸಿ ಹೋದವಳು ಮತ್ತೆ ಬರಲಿಲ್ಲ. ಎಲ್ಲಿದ್ದಾಳೋ ಹೇಳುವುದಿಲ್ಲ. ಕರೆದ ನಂಬರು ಈ ಕಡೆ ಕಾಣಿಸದ ಹಾಗೆ, ವರ್ಷಕ್ಕೊಮ್ಮೆ, ಹಬ್ಬದ ಮುನ್ನಾದಿನದ ಸಂಜೆ ಕರೆ ಮಾಡುತ್ತಾಳೆ. "ಇದ್ದೀಯಾ?" "ಇದ್ದೀನಿ." ಅಷ್ಟೇ, ಇಟ್ಟುಬಿಡುತ್ತಾಳೆ. ದೊಡ್ಡಮ್ಮನ ಗುಡಾರದ ಮನೆ ವರ್ಷಕ್ಕೆ ನಾಲ್ಕು ಸಲ ಹುಲ್ಲು ಹುಡುಕಿಕೊಂಡು ಜಾಗ ಬದಲಿಸುತ್ತದೆ. ಖಂದಾಳಿಗೆ ಗೊತ್ತಿರುವ ಅಕ್ಕನ ವಿಳಾಸವೆಂದರೆ ಈ ನಂಬರು ಒಂದೇ. ಆ ಸಂಜೆ ಕರೆದು ಉತ್ತರ ಸಿಗದಿದ್ದರೆ ಅಕ್ಕ ಸತ್ತಳೆಂದು ತಿಳಿದಾಳು, ಮುಂದಿನ ವರ್ಷ ಕರೆಯಲಿಕ್ಕಿಲ್ಲ.

ಕಂಪನಿಯ ಕಚೇರಿ ಇರುವ ಊರಿಗೆ ಹೋಗೋಣವೆಂದರೆ ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿದೆ. ಯಾಂಜಿಮಾ ತಮ್ಮ ಫೋನಿನಿಂದಲೇ ಕರೆ ಹಚ್ಚಿ, ಬೇರೆ ವಿವರವೆಲ್ಲ ಹೇಳಿ, ಫೋನನ್ನು ದೊಡ್ಡಮ್ಮನ ಕೈಗೆ ಕೊಡುತ್ತಾರೆ. ಆ ಕಡೆಯ ಹುಡುಗಿ ಕೇಳುವುದು ಒಂದೇ ಪ್ರಶ್ನೆ.

"ನಂಬರು ಯಾರ ಹೆಸರಲ್ಲಿದೆ ಅಮ್ಮಾ?"

"ನಮ್ಮನೆ ಹಿರಿಯರ ಹೆಸರಲ್ಲಿ."

"ಅಂದ್ರೆ?"

"ನಮ್ಮೆಜಮಾನ್ರ ತಂದೆ ಕಣಮ್ಮ."

"ಅವರ ಹೆಸರು?"

"ಇಡೀ ಕಣಿವೆಗೇ ಗೊತ್ತು."

"ನನಗೆ ಗೊತ್ತಿಲ್ವಲ್ಲಮ್ಮ."

"ಗೊತ್ತಿಲ್ದೆ ಇದ್ರೆ ಆ ಕುರ್ಚಿ ಮೇಲೆ ಯಾಕೆ ಕೂತಿದ್ದೀಯ?" ಎಂದು ದೊಡ್ಡಮ್ಮ ಫೋನ್ ಇಟ್ಟೇಬಿಡುತ್ತಾರೆ.

ಸೊಸೆಯಾದವಳು ಮಾವನ ಹೆಸರು ಎತ್ತುವುದುಂಟೇ? ಹತ್ತೊಂಬತ್ತಕ್ಕೆ ಆ ಗುಡಾರದ ಹೊಸ್ತಿಲು ತುಳಿದಂದಿನಿಂದ ದೊಡ್ಡಮ್ಮನ ನಾಲಿಗೆಯ ಮೇಲೆ ಆ ಹೆಸರು ಒಮ್ಮೆಯೂ ಬಂದಿಲ್ಲ. ಅದೇ ಹೆಸರಿನ ನೆರೆಯ ಹುಡುಗನನ್ನೂ ಅವರು ಕರೆಯುವುದು 'ಗುಂಗುರು ಕೂದಲಿನವನೇ' ಎಂದೇ. ಮಾವ ತೀರಿಕೊಂಡ ಮೇಲೂ ನಂಬರು ಅವರ ಹೆಸರಿನಲ್ಲೇ ಉಳಿದದ್ದು ಇದರಿಂದಲೇ. ಬದಲಾಯಿಸಬೇಕೆಂದರೂ ಕಚೇರಿಯಲ್ಲಿ ಆ ಹೆಸರು ಹೇಳಬೇಕಲ್ಲ!

ಮೊಮ್ಮಗಳಾದ ಯಾಂಜಿಮಾ ಹೇಳಬಹುದಿತ್ತು. "ದೊಡ್ಡಮ್ಮ ನಾನೇ ಅಂತ ಸುಳ್ಳು ಹೇಳಿ ಮುಗಿಸ್ತಿದ್ದೆ. ಆದ್ರೆ ವಾರದಲ್ಲಿ ಎಷ್ಟು ಸಲ ಕರೀತೀನೋ, ನಾನು ಕೆಮ್ಮಿದ್ರೂ ಆ ಹುಡುಗೀರು 'ಏನ್ ಯಾಂಜಿಮಾ ಅಕ್ಕ' ಅಂತಾರೆ" ಎಂದು ನಗುತ್ತಾರೆ. ನಂಬರು ಬಳಸುವವರೇ ಹೇಳಬೇಕು, ಕಂಪನಿಯ ಕಟ್ಟುನಿಟ್ಟು.

"ಸುತ್ತಿಗೆ ಇದೆಯಲ್ಲ, ಒಂದು ಏಟು ಹಾಕು" ಎನ್ನುತ್ತಾರೆ ದೊಡ್ಡಮ್ಮ. ಯಾಂಜಿಮಾ ಬಟ್ಟಲಿಗೆ ಇನ್ನಷ್ಟು ಚಹಾ ಹಾಕುತ್ತಾರೆ. ಅವಸರ ಮಾಡುವುದಿಲ್ಲ.

"ದೊಡ್ಡಮ್ಮ, ಒಂದ್ ಮಾತು. ಅಜ್ಜ ಈ ಫೋನ್ ತಂದ ದಿನ ಯಾರ ಕೈಗೆ ಕೊಟ್ರು?"

"ನನ್ನ ಕೈಗೆ."

"ಮನೇಲಿ ಗಂಡುಮಕ್ಕಳು ಅಷ್ಟು ಜನ ಇದ್ರಲ್ಲ. ನಿಮಗ್ಯಾಕೆ ಕೊಟ್ರು?"

ದೊಡ್ಡಮ್ಮ ಬಟ್ಟಲನ್ನು ಕೆಳಗಿಡುತ್ತಾರೆ. "'ನಿನ್ನ ತಂಗಿ ಎಂದಾದ್ರೂ ಕರೆದಾಳು, ನೀನೇ ಇಟ್ಕೋ ಮಗಳೇ' ಅಂದ್ರು. ನಂಬರನ್ನ ಅವಳಿಗೆ ಮುಟ್ಟಿಸೋಕೆ ಹೋಗೋ ಬರೋ ಲಾರಿಯವರಿಗೆಲ್ಲ ಹೇಳಿಕಳಿಸಿದ್ರು."

ದೊಡ್ಡಮ್ಮ ಎದ್ದು ಟೋಪಿ ಹಾಕಿಕೊಳ್ಳುತ್ತಾರೆ, ನಡುಪಟ್ಟಿ ಬಿಗಿಯುತ್ತಾರೆ, ನಿಲುವಂಗಿಯ ಕೊರಳ ಗುಂಡಿ ಹಾಕುತ್ತಾರೆ. ಹಿರಿಯರ ಮುಂದೆ ಹೋಗುವಾಗ ಹೇಗೋ ಹಾಗೆ. ಬಾಗಿಲು ತೆರೆದು, ಮಾವ ಮಲಗಿರುವ ಬೆಟ್ಟದ ಕಡೆಗೆ ಹಾಲು ಚಿಮುಕಿಸಿ, ತುಟಿ ಅಲುಗಿಸುತ್ತಾರೆ. ಕೇಳಿಕೊಂಡದ್ದು ಕ್ಷಮೆಯೋ ಅಪ್ಪಣೆಯೋ, ಅವರಿಗೇ ಗೊತ್ತು. ಒಳಗೆ ಬಂದು ಕೈ ಚಾಚುತ್ತಾರೆ.

"ಹಚ್ಚು."

ಯಾಂಜಿಮಾ ಕರೆ ಹಚ್ಚಿಕೊಟ್ಟು ಒಲೆಯ ಹತ್ತಿರ ಹೋಗಿ, ಕಬ್ಬಿಣದ ಮುಚ್ಚಳವನ್ನು ಬೇಕೆಂದೇ ಗಡಗಡ ಸದ್ದು ಮಾಡುತ್ತಾ ಬೂದಿ ಕೆದಕುತ್ತಾರೆ. ಕಿವಿ ಇದ್ದೂ ಕೇಳದಿರುವುದು ಹಳೆಯ ಟೆಲಿಫೋನ್ ಕೋಣೆ ಕಲಿಸಿದ ವಿದ್ಯೆ.

ದೊಡ್ಡಮ್ಮ ಆ ಹೆಸರು ಹೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದು ಸರಿಯಲ್ಲ.

"ಸರಿಯಾಗಿ ಕೇಳಿಸ್ಲಿಲ್ಲಮ್ಮ, ಇನ್ನೊಂದ್ಸಲ ಹೇಳ್ತೀರಾ?"

"ಒಂದ್ಸಲ ಹೇಳಿದ್ದೇ ಹೆಚ್ಚು ಕಣೇ!" ಎನ್ನುವಷ್ಟರಲ್ಲಿ ದೊಡ್ಡಮ್ಮನ ಕಣ್ಣಲ್ಲಿ ನೀರು. ಕೆನ್ನೆ ಒರೆಸಿಕೊಂಡು, ಈ ಸಲ ಬೆಟ್ಟಕ್ಕೂ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾರೆ. ಆ ಕಡೆ ಹುಡುಗಿಗೆ ಏನೋ ಹೊಳೆದಿರಬೇಕು. ಅವಳ ದನಿ ಮೆತ್ತಗಾಗುತ್ತದೆ.

"ಸಾಕು ಅಜ್ಜಿ. ತಪ್ಪಾಯ್ತು ನಂದು. ನಮ್ಮಜ್ಜೀನೂ ಹೀಗೇನೆ. ಅಂಕಿ ಹೇಳ್ತೀನಿ, ನಿಧಾನಕ್ಕೆ ಒತ್ತಿ."

ಒತ್ತುವುದು ಯಾಂಜಿಮಾ. ಮುಗಿದ ಮೇಲೆ ಹೊಸ ಗುಟ್ಟಿನ ಅಂಕಿ ಇಡಲೇ ಎಂದು ಕೇಳಿದರೆ, "ಗುಟ್ಟೂ ಬೇಡ, ಗಂಟೂ ಬೇಡ" ಎಂದು ಫೋನು ಕಿತ್ತುಕೊಂಡು ಎದೆಯೊಳಗೆ ಇಟ್ಟುಕೊಂಡು ಕುದುರೆ ಹತ್ತಿದವರು ದೊಡ್ಡಮ್ಮ.

ಹಬ್ಬ ಕಳೆದು ಬಂದಾಗ ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬೂಜ್, ಮಾಂಸ ತುಂಬಿದ ಹಬ್ಬದ ಕಡುಬು. ಯಾಂಜಿಮಾ ತಿನ್ನುವ ಮೊದಲು ಅವರ ಮುಖ ನೋಡುತ್ತಾರೆ. ದೊಡ್ಡಮ್ಮ ಮೊದಲು ಕುರಿಯ ವಿಷಯ ಹೇಳುತ್ತಾರೆ, ಆಮೇಲೆ ಗಾಳಿಯ ವಿಷಯ.

"ಕರೆದಳು" ಎನ್ನುತ್ತಾರೆ ಕೊನೆಗೆ. "'ಇದ್ದೀಯಾ' ಅಂದ್ಲು. 'ಇದ್ದೀನಿ' ಅಂದೆ. ಇಟ್ಟುಬಿಡ್ತಾಳೆ ಅಂದ್ಕೊಂಡೆ. ಇಡ್ಲಿಲ್ಲ. 'ಈ ಚಳಿಗಾಲ ಎಲ್ಲಿ ಬೀಡು ಬಿಟ್ಟಿದ್ದೀಯಾ ಅಕ್ಕಾ' ಅಂದ್ಲು."

ಇಷ್ಟು ವರ್ಷದಲ್ಲಿ ಖಂದಾ ಅದನ್ನು ಕೇಳಿರಲಿಲ್ಲ. ಬರಬೇಕೆಂದುಕೊಂಡವರೇ ತಾನೇ ಎಲ್ಲಿದ್ದೀಯಾ ಎಂದು ಕೇಳುವುದು.

ನಿಮಗೇನು ಬೇಕು ಎಂದು ಯಾಂಜಿಮಾರನ್ನು ಕೇಳಿದರೆ ಮೊದಲು ನಕ್ಕುಬಿಡುತ್ತಾರೆ. ಕೊಡುವವರಂತೆ ಕೇಳುತ್ತೀರಲ್ಲ ಎನ್ನುತ್ತಾರೆ. ಆಮೇಲೆ ಕಿಟಕಿಯ ಮಂಜನ್ನು ಅಂಗೈಯಿಂದ ಒರೆಸಿ, ಕಣಿವೆಗೆ ಇಳಿದು ಬರುವ ದಾರಿಯ ಕಡೆ ನೋಡುತ್ತಾರೆ.

"ಹಿಮ ಕರಗಿದ ಮೇಲೆ ಖಂದಾ ಚಿಕ್ಕಮ್ಮ ಬಂದ್ರೆ ಇದೇ ದಾರೀಲಿ ಬರ್ಬೇಕು. ಒಂದು ಬಟ್ಟಲು ಚಹಾ ಕುಡಿಯೋಷ್ಟು ಹೊತ್ತು ಇಲ್ಲಿ ಕೂರಲಿ, ಸಾಕು. ಇಷ್ಟು ವರ್ಷ ಮಾತು ಜೋಡಿಸಿದೀನಿ. ತಂತಿಯ ಆ ಕಡೆಯವರ ಮುಖ ಒಂದನ್ನೂ ನೋಡಿಲ್ಲ."